ಹಿಂದೆ ಜೋಡಿ ಚಕ್ರವಿರುವ ಸಣ್ಣ ಲಾರಿಗೆ ಟೈರು ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟಾಟಾ 407, ಐಷರ್, ಅಶೋಕ್ ಲೇಲ್ಯಾಂಡ್ ಪಾರ್ಟ್‌ನರ್ ಮುಂತಾದ ವಾಹನಗಳ ಆರು ಚಕ್ರದ ಮಾದರಿಗಳನ್ನು ಇಟ್ಟುಕೊಂಡು ತರಕಾರಿ, ಜಲ್ಲಿ, ಸಿಮೆಂಟು, ಮೇವು ಸಾಗಿಸುವವರಿಗಾಗಿ ಈ ಪುಟವನ್ನು ಬರೆದಿದ್ದೇನೆ. ಇಂತಹ ಗಾಡಿಯೊಂದನ್ನು ಹಲವು ವರ್ಷ ಓಡಿಸಿ, ಅದರ ಟೈರುಗಳಿಗೆ ಸುರಿದ ಹಣದಲ್ಲಿ ಒಂದು ಪಾಲು ತಿಳಿವಳಿಕೆಯ ಕೊರತೆಯಿಂದ ಹೋಯಿತೆಂಬುದನ್ನು ಕಂಡುಕೊಂಡ ಮೇಲೆ, ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು ಅನ್ನಿಸಿದ ಸಂಗತಿಗಳೇ ಇಲ್ಲಿವೆ.

ಒಂಟಿ ಚಕ್ರದ ಪಿಕಪ್‌ಗೂ ಜೋಡಿ ಚಕ್ರದ ಗಾಡಿಗೂ ಟೈರು ಆರಿಸುವುದರಲ್ಲಿ ಏನು ವ್ಯತ್ಯಾಸ?

ಒಂಟಿ ಚಕ್ರದ ಗಾಡಿಯಲ್ಲಿ ಪ್ರತಿ ಟೈರೂ ತನ್ನ ಪಾಡಿಗೆ ತಾನು ದುಡಿಯುತ್ತದೆ. ಜೋಡಿ ಚಕ್ರದಲ್ಲಿ ಹಾಗಲ್ಲ. ಒಳಗಿನ ಟೈರು ಮತ್ತು ಹೊರಗಿನ ಟೈರು ಒಂದೇ ಹಬ್‌ಗೆ ಬಿಗಿದಿರುವುದರಿಂದ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಒಂದರ ಎತ್ತರ, ಗಾಳಿ ಅಥವಾ ಸವೆತ ಇನ್ನೊಂದರಿಂದ ಬೇರೆಯಾದರೆ ಅದರ ಪರಿಣಾಮವನ್ನು ಎರಡೂ ಅನುಭವಿಸುತ್ತವೆ. ಆದ್ದರಿಂದ ಈ ಗಾಡಿಗಳಿಗೆ ಟೈರು ಕೊಳ್ಳುವಾಗ ಒಂದು ಟೈರನ್ನು ಆರಿಸುತ್ತಿದ್ದೇವೆ ಎಂದುಕೊಳ್ಳದೆ, ಒಂದು ಜೋಡಿಯನ್ನು ಆರಿಸುತ್ತಿದ್ದೇವೆ ಎಂದುಕೊಳ್ಳಬೇಕು. ಮುಂದಿನ ಬಹುತೇಕ ಉತ್ತರಗಳು ಇದರಿಂದಲೇ ಹುಟ್ಟುತ್ತವೆ.

ಟೈರಿನ ಪಕ್ಕದ ಮೇಲೆ ಬರೆದಿರುವ ಅಂಕಿಗಳನ್ನು ಓದುವುದು ಹೇಗೆ?

ಈ ವರ್ಗದ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಅಳತೆಗಳು 7.50-16 ಮತ್ತು 8.25-16. ಮೊದಲ ಅಂಕಿ ಟೈರಿನ ಅಗಲವನ್ನು, ಎರಡನೆಯದು ರಿಮ್ಮಿನ ವ್ಯಾಸವನ್ನು ಇಂಚುಗಳಲ್ಲಿ ಹೇಳುತ್ತದೆ. ನಡುವೆ ಅಡ್ಡಗೆರೆ ಇದ್ದರೆ ಅದು ನೈಲಾನ್ ಟೈರು, ಅಂದರೆ ಒಳಗಿನ ನೂಲುಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿರುವಂಥದ್ದು; ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ರೇಡಿಯಲ್, ಅಂದರೆ ಅವು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯ್ದಿರುವಂಥದ್ದು. 16 ಪಿಆರ್ (ಪ್ಲೈ ರೇಟಿಂಗ್) ಎಂದು ಬರೆದಿದ್ದರೆ ಅದರೊಳಗೆ ಹದಿನಾರು ಪದರಗಳಿವೆ ಎಂದು ಬಹಳ ಮಂದಿ ನಂಬಿದ್ದಾರೆ. ಅದು ಪದರಗಳ ಎಣಿಕೆಯಲ್ಲ, ಬಲದ ಅಳತೆ. ಹಿಂದೆ ಹತ್ತಿಯ ನೂಲಿನ ಪದರಗಳಿಂದ ಟೈರು ಮಾಡುತ್ತಿದ್ದ ಕಾಲದಲ್ಲಿ ಎಣಿಕೆಯೇ ಬಲವನ್ನು ಹೇಳುತ್ತಿತ್ತು. ಇಂದು ಕಡಿಮೆ ಪದರಗಳಲ್ಲಿಯೇ ಅದೇ ಬಲ ಬರುತ್ತದೆ, ಹೆಸರು ಮಾತ್ರ ಉಳಿದಿದೆ.

ಜೋಡಿ ಚಕ್ರದವರು ಮುಖ್ಯವಾಗಿ ನೋಡಬೇಕಾದದ್ದು 122/118 ಎಲ್ ಎಂಬಂತಹ ಬರಹವನ್ನು. ಇಲ್ಲಿ ಎರಡು ಅಂಕಿಗಳಿರುವುದಕ್ಕೆ ಕಾರಣವೇ ಜೋಡಿ ಚಕ್ರ. 122 ಎಂದರೆ ಆ ಟೈರು ಒಂಟಿಯಾಗಿ 1,500 ಕಿಲೋ ಹೊರಬಲ್ಲದು; 118 ಎಂದರೆ ಜೋಡಿಯಲ್ಲಿದ್ದಾಗ ಪ್ರತಿಯೊಂದೂ 1,320 ಕಿಲೋ ಮಾತ್ರ ಹೊರಬಲ್ಲದು. ಜೋಡಿಯಲ್ಲಿ ಭಾರ ಎಂದೂ ಸರಿಸಮ ಹಂಚಿಕೆಯಾಗುವುದಿಲ್ಲ, ಒಳಗಿನ ಟೈರಿಗೆ ಗಾಳಿಯಾಟ ಕಡಿಮೆ, ಬ್ರೇಕ್ ಡ್ರಮ್ಮಿನ ಕಾವು ಹೆಚ್ಚು. ಈ ಕಾರಣಗಳಿಂದ ಎರಡನೆಯ ಅಂಕಿಯನ್ನು ಇಳಿಸಿರುತ್ತಾರೆ. ಕೊನೆಯ ಅಕ್ಷರ ವೇಗದ ಮಿತಿಯನ್ನು ಸೂಚಿಸುತ್ತದೆ. ಎಲ್ ಎಂದರೆ ಗಂಟೆಗೆ 120 ಕಿ.ಮೀ.

ನನ್ನ ಗಾಡಿಗೆ ಎಷ್ಟು ಭಾರ ಹೊರುವ ಟೈರು ಬೇಕೆಂದು ತಿಳಿಯುವುದು ಹೇಗೆ?

ಊಹೆಯಿಂದ ತಿಳಿಯಬೇಡಿ, ತೂಗಿಸಿ. ಮಾಮೂಲಿ ಲೋಡು ತುಂಬಿಕೊಂಡು ವೇ ಬ್ರಿಡ್ಜ್‌ಗೆ ಹೋಗಿ, ಮೊದಲು ಇಡೀ ಗಾಡಿಯನ್ನೂ ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿಯೂ ತೂಗಿಸಿದರೆ ಹಿಂದಿನ ಅಚ್ಚಿನ (ಆಕ್ಸಲ್) ಮೇಲೆ ಎಷ್ಟು ಬೀಳುತ್ತಿದೆ ಎಂದು ತಿಳಿಯುತ್ತದೆ. ಮೇಲಿನ ಉದಾಹರಣೆಯ ಟೈರುಗಳಾದರೆ ನಾಲ್ಕೂ ಸೇರಿ 5,280 ಕಿಲೋ ಹೊರಬಲ್ಲವು. ಒಂಟಿ ಲೆಕ್ಕ ಹಿಡಿದು 6,000 ಎಂದುಕೊಂಡವರು ಅಲ್ಲಿಯೇ 720 ಕಿಲೋ ತಪ್ಪಿದಂತಾಯಿತು. ಲೆಕ್ಕದ ಅಂಚಿಗೇ ಬರುವ ಟೈರನ್ನು ಕೊಳ್ಳದೆ ಸ್ವಲ್ಪ ಮಿಗತೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಜಲ್ಲಿಯಾಗಲಿ ಟೊಮೆಟೊ ಬಾಕ್ಸುಗಳಾಗಲಿ ಎರಡೂ ಪಕ್ಕಕ್ಕೆ ಸರಿಸಮನಾಗಿ ಕೂರುವುದಿಲ್ಲ, ತಿರುವಿನಲ್ಲಿ ಭಾರವೆಲ್ಲ ಒಂದು ಕಡೆಗೆ ವಾಲುತ್ತದೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ರಸ್ತೆಯ ಮೇಲೆ ಒಂದು ಅಚ್ಚು ಹಾಕಬಹುದಾದ ಗರಿಷ್ಠ ಭಾರದ ಮಾತು. ನಿಮ್ಮ ಸಣ್ಣ ಲಾರಿಯ ಮಿತಿ ಅದರ ಆರ್‌ಸಿಯಲ್ಲಿದೆ, ಟೈರಿನ ಮಿತಿ ಅದರ ಪಕ್ಕದ ಮೇಲಿದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಜೋಡಿಯಲ್ಲಿ ಒಂದು ಟೈರು ಮಾತ್ರ ಹಾಳಾಗಿದೆ. ಒಂದನ್ನೇ ಹೊಸದಾಗಿ ಹಾಕಿಸಬಹುದೇ?

ಎಲ್ಲಕ್ಕಿಂತ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು, ಮತ್ತು ನನ್ನ ಉತ್ತರ ಸ್ಪಷ್ಟ: ಅರ್ಧ ಸವೆದ ಟೈರಿನ ಪಕ್ಕಕ್ಕೆ ಹೊಸದನ್ನು ಹಾಕಬೇಡಿ.

ಕಾರಣವನ್ನು ಲೆಕ್ಕ ಹಾಕಿ ನೋಡೋಣ. 7.50-16ರ ಟೈರಿನ ಎತ್ತರ ಸುಮಾರು 80 ಸೆಂ.ಮೀ., ಅಂದರೆ ಸುತ್ತಳತೆ ಎರಡೂವರೆ ಮೀಟರು. ಒಂದು ಕಿಲೋಮೀಟರು ಸಾಗಲು ಅದು ಸುಮಾರು 395 ಸುತ್ತು ಸುತ್ತುತ್ತದೆ. ಪಕ್ಕದ ಟೈರಿನ ವ್ಯಾಸ ಕೇವಲ 6 ಮಿ.ಮೀ. ಕಡಿಮೆಯಿದ್ದರೂ ಪ್ರತಿ ಸುತ್ತಿಗೆ 19 ಮಿ.ಮೀ. ಹಿಂದೆ ಬೀಳುತ್ತದೆ. ಆದರೆ ಒಂದೇ ಹಬ್‌ಗೆ ಕಟ್ಟಿರುವುದರಿಂದ ಹಿಂದೆ ಬೀಳಲು ಆಗದೆ ರಸ್ತೆಯನ್ನು ಉಜ್ಜಿಕೊಂಡು ಬರುತ್ತದೆ. ಕಿಲೋಮೀಟರಿಗೆ ಏಳೂವರೆ ಮೀಟರು ಉಜ್ಜಿದರೆ, ಬೆಂಗಳೂರಿನಿಂದ ಹುಬ್ಬಳ್ಳಿ ತಲುಪುವಷ್ಟರಲ್ಲಿ ಸುಮಾರು ಮೂರು ಕಿಲೋಮೀಟರು ದೂರ ಆ ಟೈರು ಉರುಳದೆ ಎಳೆಸಿಕೊಂಡಂತಾಗುತ್ತದೆ. ಇತ್ತ ಎತ್ತರದ ಹೊಸ ಟೈರು ತನ್ನ ಪಾಲಿಗಿಂತ ಹೆಚ್ಚು ಭಾರ ಹೊತ್ತು ಕಾಯುತ್ತದೆ. ಸವೆದದ್ದು ಸವೆತದಿಂದ ಹಾಳಾದರೆ ಹೊಸದು ಕಾವಿನಿಂದ ಹಾಳಾಗುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕಲ್ಲುಕ್ವಾರಿಯಲ್ಲಿ ಹೊರಟೈರು ಸೀಳಿದಾಗ ಒಂದೇ ಹೊಸ ಟೈರು ತಂದು ಹಾಕಿಸಿ, ಕೋಲಾರದಿಂದ ಮಂಗಳೂರಿಗೆ ಟೊಮೆಟೊ ಸಾಗಿಸುತ್ತಿದ್ದೆ. ಕೆಲವು ತಿಂಗಳ ನಂತರ ಚಕ್ರ ಬಿಚ್ಚಿಸಿದಾಗ ಒಳಗಿನ ಟೈರಿನ ಮೇಲೆ ಅಂಗೈ ಆಡಿಸಿ ನೋಡಿದೆ. ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ದಿಕ್ಕಿಗೆ ಸವರಿದರೆ ಗರಗಸದ ಹಲ್ಲಿನಂತೆ ತಾಗುತ್ತಿತ್ತು. ಹೊಸ ಟೈರಿನ ಭುಜದ ಬಳಿ ಗುಳ್ಳೆಯಂತೆ ಉಬ್ಬು ಕಾಣಿಸಿತ್ತು. ಒಳಗಿನ ಪದರ ಬಿಟ್ಟುಕೊಂಡಿದೆ ಎಂದು ಪಂಕ್ಚರ್ ಅಂಗಡಿಯ ಹಿರಿಯರು ಬೆರಳಿಟ್ಟು ತೋರಿಸಿದರು. ಒಂದು ಟೈರಿನ ಹಣ ಉಳಿಸಲು ಹೋಗಿ ಎರಡನ್ನೂ ಕಳೆದುಕೊಂಡೆ.

ಹಾಗಾದರೆ ಎಷ್ಟು ವ್ಯತ್ಯಾಸ ಸಹ್ಯ? ಅಳೆಯುವುದು ಹೇಗೆ?

8.25 ಅಳತೆಯವರೆಗಿನ ಟೈರುಗಳಿಗೆ ವ್ಯಾಸದಲ್ಲಿ 6 ಮಿ.ಮೀ., ಅಂದರೆ ಸುತ್ತಳತೆಯಲ್ಲಿ 19 ಮಿ.ಮೀ. ಮೀರಬಾರದು ಎಂಬುದು ಟೈರು ಕಸುಬಿನಲ್ಲಿ ಒಪ್ಪಿಕೊಂಡ ಮಿತಿ. ಮೇಲೆ ಲೆಕ್ಕ ಹಾಕಿದ್ದು ಆ ಕೊನೆಯ ಅಂಚನ್ನು. ಅದಕ್ಕಿಂತ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ಒಂದೇ ಕಂಪನಿಯ ಒಂದೇ ಮಾದರಿಯಾದರೆ ಟೈರಿನ ಗೀರುಗಳ ಆಳದಲ್ಲಿ 3 ಮಿ.ಮೀ. ವ್ಯತ್ಯಾಸ ಇದ್ದರೂ ಈ ಮಿತಿ ಮುಟ್ಟಿದಂತೆಯೇ. ಬೇರೆ ಬೇರೆ ಕಂಪನಿಯವಾದರೆ ಗೀರಿನ ಆಳ ನೋಡಿ ತೀರ್ಮಾನಿಸಬೇಡಿ; ಒಂದೇ ಅಳತೆ ಬರೆದಿದ್ದರೂ ಎತ್ತರ ಬೇರೆಯಾಗಿರುವುದು ಅಪರೂಪವಲ್ಲ.

ಎರಡಕ್ಕೂ ಒಂದೇ ಒತ್ತಡದ ಗಾಳಿ ತುಂಬಿಸಿ, ಗಾಡಿಗೆ ಹಾಕುವ ಮೊದಲೇ ಟೈರಿನ ನಡುಮಧ್ಯಕ್ಕೆ ದರ್ಜಿಯ ಟೇಪನ್ನು ಸುತ್ತಿ ಅಳೆಯುವುದು ಸುಲಭದ ದಾರಿ. ಟೇಪು ಇಲ್ಲದಿದ್ದರೆ ಹಿಗ್ಗದ ದಾರ ಸಾಕು. ಗಾಡಿಯ ಮೇಲೆಯೇ ನೋಡಬೇಕಾದರೆ ಜಾಕಿ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿ, ನೇರವಾದ ಹಲಗೆಯೊಂದನ್ನು ಹಿಂದಿನ ನಾಲ್ಕೂ ಟೈರಿಗೆ ಅಡ್ಡಲಾಗಿ ಆನಿಸಿದರೆ ಯಾವುದು ತಗ್ಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಮಿತಿಯೊಳಗೆ ಸಣ್ಣ ವ್ಯತ್ಯಾಸ ಇದ್ದೇ ಇದ್ದರೆ ಎತ್ತರದ ಟೈರನ್ನು ಹೊರಗೆ, ತಗ್ಗಿನದನ್ನು ಒಳಗೆ ಹಾಕಿಸಬೇಕು. ನಮ್ಮ ರಸ್ತೆಗಳು ನೀರು ಹರಿಯಲೆಂದು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ ಒಳಗಿನ ಟೈರಿಗೆ ಹೇಗಿದ್ದರೂ ಹೆಚ್ಚು ಭಾರ ಬೀಳುತ್ತದೆ.

ನೈಲಾನ್ ಒಳ್ಳೆಯದೋ ರೇಡಿಯಲ್ ಒಳ್ಳೆಯದೋ?

ಗಾಡಿ ಎಲ್ಲಿ ಓಡುತ್ತದೆ ಎಂಬುದರ ಮೇಲಿದೆ. ಹೆದ್ದಾರಿಯಲ್ಲಿ ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರು ಓಡುವ ಗಾಡಿಗೆ ರೇಡಿಯಲ್ಲೇ ಸರಿ: ಕಡಿಮೆ ಕಾಯುತ್ತದೆ, ನಿಧಾನವಾಗಿ ಸವೆಯುತ್ತದೆ, ಡೀಸೆಲ್ ಸ್ವಲ್ಪ ಉಳಿಯುತ್ತದೆ. ಕ್ವಾರಿ, ಮರಳು ದಾಸ್ತಾನು, ಹೊಲದ ದಾರಿಗಳಲ್ಲಿ ಹತ್ತಿಪ್ಪತ್ತು ಕಿಲೋಮೀಟರು ಮಾತ್ರ ಓಡುವ ಗಾಡಿಗೆ ನೈಲಾನ್ ಇಂದಿಗೂ ಸಲ್ಲುತ್ತದೆ, ಏಕೆಂದರೆ ಅದರ ಪಕ್ಕದ ಗೋಡೆ ದಪ್ಪವಾಗಿದ್ದು ಕಲ್ಲಿನ ಏಟನ್ನು ಹೆಚ್ಚು ತಡೆಯುತ್ತದೆ. ಆದರೆ ಒಂದೇ ಅಚ್ಚಿನಲ್ಲಿ ಎರಡನ್ನೂ ಬೆರೆಸುವುದು ಯಾವ ಕಾರಣಕ್ಕೂ ಕೂಡದು. ಭಾರ ಬಿದ್ದಾಗ ಎರಡೂ ಬಾಗುವ ಬಗೆ ಬೇರೆಯಾದ್ದರಿಂದ, ಅಳೆದಾಗ ಸಮನಾಗಿ ಕಂಡ ಜೋಡಿಯೂ ಲೋಡು ತುಂಬಿದ ಮೇಲೆ ಸಮನಾಗಿರುವುದಿಲ್ಲ.

ಯಾವ ಗೀರಿನ ಮಾದರಿ ಬೇಕು?

ಮುಂದಿನ ಚಕ್ರಗಳಿಗೆ ರಿಬ್ ಎಂದು ಕರೆಯುವ ಉದ್ದ ಗೀರುಗಳ ಮಾದರಿ. ಸ್ಟೇರಿಂಗಿಗೆ ಹಗುರ, ಮಳೆಯಲ್ಲಿ ಹಿಡಿತ. ಹಿಂದೆ, ಡಾಂಬರು ರಸ್ತೆಯೇ ಹೆಚ್ಚಾದರೆ ಅದೇ ಮಾದರಿಯನ್ನೋ ರಿಬ್ ಮತ್ತು ಲಗ್ ಕೂಡಿದ ಮಾದರಿಯನ್ನೋ ಹಾಕಿಸಬಹುದು; ಕೆಸರು, ಮಣ್ಣುದಾರಿ ಇದ್ದರೆ ಅಡ್ಡಗಟ್ಟೆಗಳಿರುವ ಲಗ್ ಬೇಕು. ಒಂದು ಜೋಡಿಯೊಳಗೆ ರಿಬ್ ಮತ್ತು ಲಗ್ ಎರಡನ್ನೂ ಸೇರಿಸಬೇಡಿ.

7.50ರ ಬದಲು 8.25 ಹಾಕಿಸಿದರೆ ಹೆಚ್ಚು ಲೋಡು ಹೊರುವುದಲ್ಲವೇ?

ಹೊರುವುದು ಟೈರು ಮಾತ್ರ. ಸ್ಪ್ರಿಂಗ್ ಪಟ್ಟೆಗಳು, ಅಚ್ಚು, ಬ್ರೇಕು ಮೊದಲಿನವೇ ಆಗಿರುತ್ತವೆ. ಅದಕ್ಕಿಂತ ಮುಖ್ಯವಾದ ಅಡ್ಡಿಯೊಂದು ಜೋಡಿ ಚಕ್ರದಲ್ಲಿದೆ. ಎರಡು ಟೈರುಗಳ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ರಿಮ್ಮು ನಿರ್ಧರಿಸುತ್ತದೆ. ಅಗಲದ ಟೈರನ್ನು ಹಳೆಯ ರಿಮ್ಮಿಗೇ ಹಾಕಿದರೆ ಆ ಜಾಗ ಕಿರಿದಾಗುತ್ತದೆ, ಲೋಡು ಬಿದ್ದಾಗ ಟೈರಿನ ಕೆಳಭಾಗ ಎರಡೂ ಕಡೆ ಉಬ್ಬಿ ಒಂದರ ಪಕ್ಕ ಇನ್ನೊಂದಕ್ಕೆ ಉಜ್ಜತೊಡಗುತ್ತದೆ. ಖಾಲಿ ಗಾಡಿಯಲ್ಲಿ ಬೆರಳು ತೂರಿಸಿ ಜಾಗವಿದೆ ಎಂದು ಸಮಾಧಾನಪಡುವುದು ಸಾಲದು. ತುಂಬಿದ ಗಾಡಿಯಲ್ಲಿ, ಟೈರು ನೆಲ ಮುಟ್ಟುವ ಕಡೆ ನೋಡಬೇಕು. ಪಕ್ಕದ ಗೋಡೆಯ ಮೇಲಿನ ಬರಹ ಅಳಿಸಿ ನುಣ್ಣಗಾಗಿದ್ದರೆ ಉಜ್ಜುತ್ತಿದೆ ಎಂದೇ ಅರ್ಥ. ಅಳತೆ ಬದಲಿಸಲೇಬೇಕಾದರೆ ತಯಾರಕರು ಆ ಮಾದರಿಗೆ ಒಪ್ಪಿದ ಅಳತೆಯನ್ನು, ಅದಕ್ಕೆ ತಕ್ಕ ರಿಮ್ಮಿನೊಡನೆ, ಆರೂ ಚಕ್ರಗಳಿಗೆ ಹಾಕಿಸಿ.

ರಿಸೋಲ್ ಮಾಡಿಸಿದ ಟೈರು ಹಾಕಬಹುದೇ?

ರಿಸೋಲ್ ಎಂದರೆ ಸವೆದ ಟೈರಿಗೆ ಹೊಸ ರಬ್ಬರು ಅಂಟಿಸುವುದು. ಹಿಂದಿನ ಜೋಡಿಗೆ ಹಾಕಬಹುದು, ಮುಂದೆ ಬೇಡ. ಮುಂದಿನ ಟೈರು ಬಿಟ್ಟುಕೊಂಡರೆ ಸ್ಟೇರಿಂಗ್ ಕೈತಪ್ಪುತ್ತದೆ. ಹಿಂದೆ ಪಕ್ಕದ್ದಾದರೂ ಕ್ಷಣಕಾಲ ಹಿಡಿದು ನಿಲ್ಲಿಸುತ್ತದೆ. ರಿಸೋಲಿನ ಗುಣವೆಲ್ಲ ಹಳೆಯ ಕೇಸಿಂಗಿನಲ್ಲಿ, ಅಂದರೆ ರಬ್ಬರಿನ ಕೆಳಗಿರುವ ಟೈರಿನ ಒಡಲಿನಲ್ಲಿದೆ. ಗಾಳಿಯಿಲ್ಲದೆ ಓಡಿದ, ಪಕ್ಕ ಸೀಳಿದ, ತಂತಿ ಕಂಡ ಕೇಸಿಂಗಿಗೆ ಎಂತಹ ರಬ್ಬರು ಅಂಟಿಸಿದರೂ ಬಾಳುವುದಿಲ್ಲ. ನಿಮ್ಮ ಗಾಡಿಯಲ್ಲೇ ಓಡಿದ, ಚರಿತ್ರೆ ಗೊತ್ತಿರುವ ಎರಡು ಕೇಸಿಂಗುಗಳನ್ನು ಒಟ್ಟಿಗೆ ಕೊಟ್ಟು, ಒಂದೇ ಮಾದರಿಯ ರಬ್ಬರು ಹಾಕಿಸಿ, ವಾಪಸು ಬಂದ ಮೇಲೆ ಮತ್ತೊಮ್ಮೆ ಸುತ್ತಳತೆ ನೋಡಿ ಜೋಡಿ ಮಾಡಿ. ಹೊಸ ಟೈರು ಮತ್ತು ರಿಸೋಲ್ ಟೈರು ಸೇರಿದ ಜೋಡಿಯನ್ನು ನಾನು ಹಾಕಿಸುವುದಿಲ್ಲ.

ಹೊಸ ಟೈರಿಗೆ ಹಳೆಯ ಟ್ಯೂಬು ನಡೆಯುತ್ತದೆಯೇ?

ನಡೆಯುವುದಿಲ್ಲ. ಓಡಿದ ಟ್ಯೂಬು ಹಿಗ್ಗಿರುತ್ತದೆ; ಹೊಸ ಟೈರಿನೊಳಗೆ ಅದು ಮಡಿಕೆ ಬಿದ್ದು, ಆ ಮಡಿಕೆಯಲ್ಲೇ ಸೀಳುತ್ತದೆ. ಟ್ಯೂಬಿಗೂ ರಿಮ್ಮಿಗೂ ನಡುವೆ ಕೂರುವ ರಬ್ಬರು ಪಟ್ಟಿಯಾದ ಫ್ಲ್ಯಾಪನ್ನೂ ಹೊಸದು ಹಾಕಿಸಿ. ರೇಡಿಯಲ್ ಟೈರಿಗೆ ರೇಡಿಯಲ್ ಟ್ಯೂಬನ್ನೇ ಕೇಳಿ ಪಡೆಯಿರಿ. ರಿಮ್ಮಿಗೆ ಲಾಕ್ ರಿಂಗ್ (ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಉಕ್ಕಿನ ಬಳೆ) ಇದ್ದರೆ, ಅದು ತುಕ್ಕು ಹಿಡಿದಿದೆಯೇ, ಬಾಗಿದೆಯೇ ನೋಡದೆ ಗಾಳಿ ತುಂಬಲು ಬಿಡಬೇಡಿ. ಸರಿಯಾಗಿ ಕೂರದ ರಿಂಗು ಹಾರಿ ಬಂದರೆ ಎದುರಿಗಿದ್ದವರ ಜೀವಕ್ಕೇ ಅಪಾಯ.

ಒಳಗಿನ ಟೈರಿಗೆ ಎಷ್ಟು ಗಾಳಿ ಇರಬೇಕು?

ಹೊರಗಿನದಕ್ಕೆ ಎಷ್ಟೋ ಅಷ್ಟೇ. ಒತ್ತಡದ ಅಂಕಿಯನ್ನು ಗಾಡಿಯ ಪುಸ್ತಕದಿಂದ ತೆಗೆದುಕೊಳ್ಳಿ; ಎರಡರ ನಡುವಿನ ವ್ಯತ್ಯಾಸ 5 ಪಿಎಸ್‌ಐ ತಲುಪಲು ಬಿಡಬೇಡಿ. ಕೈ ತಲುಪುವುದಿಲ್ಲವೆಂದು ಒಳಟೈರನ್ನು ವಾರಗಟ್ಟಲೆ ನೋಡದೆ ಬಿಡುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಚಕ್ರ ಕೂರಿಸುವಾಗಲೇ ಒಳಗಿನ ವಾಲ್ವೂ ಹೊರಗಿನ ವಾಲ್ವೂ ಎದುರುಬದುರಾಗಿರುವಂತೆ, ಒಳಗಿನದು ರಿಮ್ಮಿನ ಕಿಂಡಿಯಿಂದ ಕೈಗೆ ಸಿಗುವಂತೆ ಮಾಡಿಸಿಕೊಂಡರೆ ಈ ತೊಂದರೆ ಅರ್ಧ ಕಳೆಯುತ್ತದೆ. ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳುವ ಪದ್ಧತಿ ಪೂರ್ತಿ ಗಾಳಿ ಹೋದ ಟೈರನ್ನು ಗುರುತಿಸಲು ಸಾಕು. ಇಪ್ಪತ್ತು ಪಿಎಸ್‌ಐ ಇಳಿದದ್ದನ್ನು ಅದು ತಿಳಿಸುವುದಿಲ್ಲ. ಗೇಜೇ ಬೇಕು.

ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮೊದಲು ನೋಡಬೇಕು. ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಬಿಟ್ಟು ಇಳಿಸಬಾರದು. ಶಿರಾಡಿ ಘಾಟಿಯಲ್ಲಿ ಸಕಲೇಶಪುರದಿಂದ ಗುಂಡ್ಯದ ಕಡೆ ಇಳಿಯುವಾಗ ಬ್ರೇಕನ್ನೇ ನೆಚ್ಚಿಕೊಂಡರೆ ಡ್ರಮ್ಮಿನ ಕಾವು ಮೊದಲು ತಾಗುವುದು ಒಳಟೈರಿಗೆ. ಅದರಲ್ಲಿ ಗಾಳಿಯೂ ಕಡಿಮೆಯಿದ್ದರೆ ಎರಡು ಕಡೆಯಿಂದಲೂ ಬೆಂದಂತೆ. ಸಣ್ಣ ಗೇರಿನಲ್ಲಿ ಇಳಿಯುವುದು ಬ್ರೇಕಿಗೆ ಮಾತ್ರವಲ್ಲ, ಟೈರಿಗೂ ಒಳ್ಳೆಯದು.

ಜೋಡಿಯಲ್ಲಿ ಒಂದು ಪಂಕ್ಚರಾದರೆ ಮುಂದಿನ ಊರಿನವರೆಗೆ ಓಡಿಸಬಹುದೇ?

ಲೋಡು ಇದ್ದರೆ ಖಂಡಿತ ಬೇಡ. ಉಳಿದ ಟೈರಿನ ಮೇಲೆ ಎರಡರ ಭಾರ ಬೀಳುತ್ತದೆ, ಗಾಳಿಯಿಲ್ಲದ್ದು ಮಡಚಿ ಮಡಚಿ ಕಾಯುತ್ತದೆ. ಹಾಗೆ ಕಾದು ಬೆಂಕಿ ಹತ್ತಿದ ಗಾಡಿಗಳುಂಟು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಇರಬೇಕಾದ ಒತ್ತಡದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದು ಓಡಿದ ಟೈರನ್ನು ಹಾಗೆಯೇ ಮತ್ತೆ ಗಾಳಿ ತುಂಬಿಸಿ ಬಳಸಬಾರದು, ಬಿಚ್ಚಿಸಿ ಒಳಗಡೆ ಪರೀಕ್ಷಿಸಬೇಕು. ರೇಡಿಯಲ್ಲಿನ ಪಕ್ಕದ ತಂತಿಗಳು ಮಡಚಿ ತುಂಡಾಗಿದ್ದರೆ ಗಾಳಿ ತುಂಬುವಾಗಲೇ ಸ್ಫೋಟಿಸಬಹುದು.

ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡರೆ?

ಅಲ್ಲಿಯೇ ನಿಲ್ಲಿಸಿ ತೆಗೆಯಿರಿ. ಅದು ಪಕ್ಕದ ಗೋಡೆಯನ್ನು ಕೊಯ್ಯುತ್ತದೆ, ಹಿಂದೆ ಬರುವ ಬೈಕಿನವರ ಮೇಲೆ ಗುಂಡಿನಂತೆ ಹಾರುತ್ತದೆ. ಕ್ವಾರಿಯಿಂದ ಹೊರಬಂದೊಡನೆ ಎರಡೂ ಕಡೆ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಕೊಳ್ಳುವಾಗ ತಯಾರಿಕೆಯ ದಿನಾಂಕ, ಮುದ್ರೆಗಳನ್ನು ನೋಡಬೇಕೇ? ಬದಲಿಸುವುದು ಯಾವಾಗ?

ನೋಡಬೇಕು. ಪಕ್ಕದ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3224 ಎಂದರೆ 2024ರ 32ನೆಯ ವಾರ. ಜೋಡಿಯ ಎರಡೂ ಹತ್ತಿರದ ವಾರದವಾಗಿದ್ದರೆ ಉತ್ತಮ. ವಾಣಿಜ್ಯ ವಾಹನದ ಟೈರಿಗೆ ಐಎಸ್ 15636 ಅಂಕಿಯ ಐಎಸ್‌ಐ ಮುದ್ರೆ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು ಎನ್ನುತ್ತವೆ. ಅದು ಕಾನೂನಿನ ಅಂಚು. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಯಾದರೆ 3 ಮಿ.ಮೀ.ಗೇ ಬದಲಿಸಿ ಎನ್ನುತ್ತೇನೆ.

ಯಾವ ಕಂಪನಿಯದು ಒಳ್ಳೆಯದು?

ಎಂಆರ್‌ಎಫ್, ಅಪೊಲೊ, ಸಿಯಟ್, ಜೆಕೆ, ಎಲ್ಲರ ಬಳಿಯೂ ಈ ಅಳತೆಯ ಟೈರುಗಳಿವೆ. ಮೈಸೂರಿನ ವಿಕ್ರಾಂತ್ ಟೈರು ನಮ್ಮ ಹಿರಿಯ ಚಾಲಕರ ಬಾಯಲ್ಲಿ ಇಂದಿಗೂ ಇದೆ. ಆ ಕಾರ್ಖಾನೆ 1997ರಲ್ಲಿ ಜೆಕೆ ಪಾಲಾಯಿತು. ಕಂಪನಿಗಿಂತ ನಾನು ಹೆಚ್ಚು ತೂಕ ಕೊಡುವುದು ಎರಡು ಸಂಗತಿಗಳಿಗೆ: ಆರು ತಿಂಗಳ ನಂತರ ಜೊತೆಯ ಟೈರು ಬೇಕಾದಾಗ ಅದೇ ಮಾದರಿ ನಿಮ್ಮ ಊರಿನಲ್ಲಿ ಸಿಗುತ್ತದೆಯೇ, ಮತ್ತು ದೂರು ಬಂದರೆ ಆ ಅಂಗಡಿಯವರು ಟೈರನ್ನು ಪರೀಕ್ಷೆಗೆ ಕಳಿಸುತ್ತಾರೆಯೇ. ಬಿಲ್ಲಿನಲ್ಲಿ ಟೈರಿನ ಕ್ರಮಸಂಖ್ಯೆ ಬರೆಸಿಕೊಳ್ಳಿ.

ಅಮೆರಿಕದಲ್ಲಿ ಜೋಡಿ ಚಕ್ರದ ಪಿಕಪ್ ಇದೆ. ಇವೇ ಮಾತುಗಳು ಅಲ್ಲಿಗೂ ಅನ್ವಯಿಸುತ್ತವೆಯೇ?

ಜೋಡಿಯ ತತ್ತ್ವ ಒಂದೇ. ಅಲ್ಲಿ ಡ್ಯೂಯಲಿ ಎಂದು ಕರೆಯುವ ರ‍್ಯಾಮ್ 3500ರಂತಹ ಪಿಕಪ್‌ಗಳಲ್ಲಿ ಎಲ್‌ಟಿ 235/80 ಆರ್ 17 ಅಳತೆ ಸಾಮಾನ್ಯ. 120/117 ಎಂದಿದ್ದರೆ ಒಂಟಿಗೆ 1,400 ಕಿಲೋ, ಜೋಡಿಯಲ್ಲಿ ತಲಾ 1,285 ಕಿಲೋ. ಅಲ್ಲಿನವರು ಎರಡು ಸಂಗತಿ ಗಮನಿಸಬೇಕು. ಟ್ರೇಲರಿನ ಕೊಕ್ಕೆಯ ಮೇಲೆ ಬೀಳುವ ಭಾರವೂ ಹಿಂದಿನ ಅಚ್ಚಿನ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಟ್ರೇಲರ್ ಕಟ್ಟಿಯೇ ತೂಗಿಸಬೇಕು. ಎರಡನೆಯದಾಗಿ, ಹಲವು ಗಾಡಿಗಳಲ್ಲಿ ಹೊರಗಿನ ರಿಮ್ಮು ಅಲ್ಯೂಮಿನಿಯಮ್ಮಿನದು, ಒಳಗಿನದು ಉಕ್ಕಿನದು; ಒಳಗಿನ ಟೈರನ್ನು ಹೊರಕ್ಕೆ ತರಬೇಕಾದರೆ ಚಕ್ರವನ್ನಷ್ಟೇ ಬದಲಿಸಲಾಗದೆ ಟೈರನ್ನು ರಿಮ್ಮಿನಿಂದ ಬಿಚ್ಚಬೇಕಾಗುತ್ತದೆ.

ಸ್ಟೆಪ್ನಿಗೆ ಎಂತಹ ಟೈರು ಇಡಬೇಕು?

ಹಿಂದೆ ಓಡುತ್ತಿರುವ ಜೋಡಿಗಳಷ್ಟೇ ಸವೆದ, ಅದೇ ಅಳತೆಯ, ಅದೇ ಬಗೆಯ ಟೈರನ್ನು. ಪಂಕ್ಚರುಗಳು ಹೆಚ್ಚಾಗುವುದು ಹಿಂದಿನ ಚಕ್ರಗಳಲ್ಲೇ. ಹೊಚ್ಚ ಹೊಸದನ್ನು ಸ್ಟೆಪ್ನಿಯಾಗಿ ಇಟ್ಟರೆ ರಾತ್ರಿ ಹೊತ್ತು ದಾರಿಯಲ್ಲಿ ಅದನ್ನು ಸವೆದ ಟೈರಿನ ಜೊತೆಗೆ ಕಟ್ಟಬೇಕಾಗುತ್ತದೆ, ಆಮೇಲೆ ಬಿಚ್ಚಿಸಲು ಬಿಡುವಾಗದೆ ಅದೇ ಉಳಿದುಬಿಡುತ್ತದೆ. ಹೊಸ ಜೋಡಿ ಹಾಕಿಸುವ ದಿನ ತೆಗೆದ ಹಳೆಯ ಟೈರುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ, ಅದರ ಸುತ್ತಳತೆಯನ್ನು ಸೀಮೆಸುಣ್ಣದಿಂದ ರಿಮ್ಮಿನ ಮೇಲೆಯೇ ಬರೆದಿಡಿ. ಚಕ್ರ ಬದಲಿಸಿದ ನಂತರ ಐವತ್ತು ನೂರು ಕಿಲೋಮೀಟರು ಓಡಿದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ.